ಫ್ರೆಂಚ್ ಪ್ರೆಸ್: ಒತ್ತುವ ಮುಂಚೆಯೇ ಮುಗಿಯುವ ಕೆಲಸ

ಕಾಫಿ ಮಾಡುವ ಜಾಡಿ, ಫ್ರೆಂಚ್ ಪ್ರೆಸ್, ಮನೆಗೆ ತಂದ ಮೊದಲ ದಿನವೇ ನಾನು ಅದರ ಜೊತೆ ಕುಸ್ತಿಗೆ ಇಳಿದಿದ್ದೆ. ಡಬ್ಬದಲ್ಲಿ ಉಳಿದಿದ್ದ ನುಣ್ಣನೆಯ ಪುಡಿಯನ್ನೇ ಹಾಕಿ, ಕುದಿನೀರು ಹೊಯ್ದು, ನಾಲ್ಕು ನಿಮಿಷ ಬಿಟ್ಟು ಮೇಲಿನ ಗುಂಡಿ ಒತ್ತಿದರೆ ಅದು ಅರ್ಧ ಇಂಚು ಇಳಿದು ನಿಂತುಬಿಟ್ಟಿತು. ಎರಡೂ ಅಂಗೈ ಇಟ್ಟು ಮೈಭಾರ ಬಿಟ್ಟೆ. ಜಾಲರಿ ಒಂದು ಪಕ್ಕಕ್ಕೆ ವಾಲಿತು, ಸಂದಿಯಿಂದ ಬಿಸಿ ಕಾಫಿ ಪಿಚಕಾರಿಯ ಹಾಗೆ ಚಿಮ್ಮಿ ಗೋಡೆಗೂ ನನ್ನ ಮುಂಗೈಗೂ ಬಿತ್ತು. ಉಳಿದದ್ದನ್ನು ಲೋಟಕ್ಕೆ ಬಗ್ಗಿಸಿ ಕುಡಿದರೆ ಬಾಯಿ ತುಂಬ ಮಣ್ಣು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಆ ದಿನ ನನಗೆ ಕೈಯೂ ಕೆಸರು, ಬಾಯಿಯೂ ಕೆಸರು.

ಹೆಸರಿನಲ್ಲೇ ‘ಪ್ರೆಸ್’ ಇರುವುದರಿಂದ ಒತ್ತುವುದೇ ಮುಖ್ಯ ಕೆಲಸ ಅಂದುಕೊಳ್ಳುತ್ತೇವೆ. ಒತ್ತುವ ಹೊತ್ತಿಗೆ ಕಾಫಿ ಆಗಿ ಹೋಗಿರುತ್ತದೆ. ಚೆನ್ನಾಗಿ ಆಗಿದ್ದರೆ ಆಯಿತು, ಕೆಟ್ಟಿದ್ದರೆ ಕೆಟ್ಟಿತು, ಆಮೇಲೆ ಒತ್ತಿ ಸರಿಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ. ರುಚಿ ಹುಟ್ಟುವುದು ಅದಕ್ಕೆ ಮುಂಚಿನ ಕೆಲವು ನಿಮಿಷಗಳಲ್ಲಿ. ಒತ್ತುವುದು ಬರೀ ಸೋಸುವುದಕ್ಕೆ. ಅದನ್ನೂ ಪೂರ್ತಿ ಮಾಡದೆ ಬಿಟ್ಟರೇ ಮೇಲು ಅನ್ನುವ ಮಟ್ಟಕ್ಕೆ ನಾನೀಗ ಬಂದಿದ್ದೇನೆ.

ಪಾತ್ರೆಯ ಬಗ್ಗೆ ಹೇಳುವುದಕ್ಕೆ ಹೆಚ್ಚೇನಿಲ್ಲ. ಗಾಜಿನದೋ ಸ್ಟೀಲಿನದೋ ಒಂದು ಜಾಡಿ, ಮುಚ್ಚಳ, ಮುಚ್ಚಳದ ನಡುವಿನಿಂದ ಇಳಿಯುವ ಒಂದು ಸರಳು, ಸರಳಿನ ತುದಿಗೆ ಸೂಕ್ಷ್ಮ ಜಾಲರಿ. ಹೆಸರು ಫ್ರೆಂಚ್ ಆದರೂ ಇದರ ವಂಶಾವಳಿಯಲ್ಲಿ ಫ್ರಾನ್ಸ್‌ನಷ್ಟೇ ಇಟಲಿಯೂ ಇದೆ. 1852ರಲ್ಲಿ ಮೇಯರ್ ಮತ್ತು ಡೆಲ್ಫೋರ್ಜ್ ಎಂಬ ಇಬ್ಬರು ಫ್ರೆಂಚರು ಇದರ ಪೂರ್ವಜನಿಗೆ ಪೇಟೆಂಟ್ ಪಡೆದರು. 1920ರ ದಶಕದ ಕೊನೆಗೆ ಇಟಲಿಯ ಅಟ್ಟಿಲಿಯೋ ಕಾಲಿಮಾನಿ ಮತ್ತು ಜೂಲಿಯೋ ಮೊನೆಟಾ ಈಗಿನ ರೂಪಕ್ಕೆ ಹತ್ತಿರದ್ದೊಂದಕ್ಕೆ ಪೇಟೆಂಟ್ ಕೋರಿದರು. 1958ರಲ್ಲಿ ಫಾಲಿಯೆರೋ ಬೊಂಡಾನಿನಿ ತನ್ನದೇ ಸುಧಾರಿತ ಮಾದರಿಗೆ ಪೇಟೆಂಟ್ ಪಡೆದ. ಅದನ್ನು ತಯಾರಿಸಿದ್ದು ಫ್ರಾನ್ಸ್‌ನ ಒಂದು ಕ್ಲಾರಿನೆಟ್ ಕಾರ್ಖಾನೆಯಲ್ಲಿ. ಊದುವ ವಾದ್ಯ ಮಾಡುತ್ತಿದ್ದ ಕೈಗಳೇ ಕಾಫಿ ಜಾಡಿಯನ್ನೂ ಮಾಡಿದವು ಅನ್ನುವುದು ನನಗೆ ಯಾಕೋ ಬಹಳ ಇಷ್ಟವಾದ ಸಂಗತಿ. ಬ್ರಿಟನ್ನಿನಲ್ಲಿ ಇದನ್ನು ಕ್ಯಾಫೆಟಿಯರ್ ಅನ್ನುತ್ತಾರೆ, ಆಸ್ಟ್ರೇಲಿಯದಲ್ಲಿ ಪ್ಲಂಜರ್.

ಪುಡಿಯಿಂದ ನೀರಿಗೆ ಏನೇನು ಇಳಿಯುತ್ತದೆ

ಹುರಿದ ಕಾಫಿ ಬೀಜದ ತೂಕದಲ್ಲಿ ನೀರಿಗೆ ಕರಗಬಲ್ಲದ್ದು ಹೆಚ್ಚೆಂದರೆ ಸುಮಾರು 30 ಶೇಕಡಾ. ಮಿಕ್ಕದ್ದು ನಾರು, ಕಟ್ಟಿಗೆ ಇದ್ದ ಹಾಗೆ. ಆ 30ರಲ್ಲೂ ಎಲ್ಲವೂ ನಮಗೆ ಬೇಕಾದದ್ದಲ್ಲ. ಮೊದಲು ಸರಸರನೆ ಇಳಿಯುವುದು ಹುಳಿ ಮತ್ತು ಹಣ್ಣಿನಂಥ ಪರಿಮಳಗಳು. ಹಿಂದೆಯೇ ಸಿಹಿ, ಕ್ಯಾರಮೆಲ್‌ನಂಥ ರುಚಿಗಳು. ಕಹಿ ಮತ್ತು ನಾಲಿಗೆಯನ್ನು ಹಿಡಿಯುವ ಒಗರು ಕೊನೆಯಲ್ಲಿ, ನಿಧಾನಕ್ಕೆ ಬರುತ್ತವೆ. ಬೇಗ ನಿಲ್ಲಿಸಿದರೆ ಬರೀ ಹುಳಿ. ಅತಿಯಾಗಿ ಹಿಂಡಿದರೆ ಒಗರು. ಅಮೆರಿಕದ ರಸಾಯನ ವಿಜ್ಞಾನಿ ಅರ್ನೆಸ್ಟ್ ಲಾಕ್‌ಹಾರ್ಟ್ 1950ರ ದಶಕದಲ್ಲಿ ಇದಕ್ಕೊಂದು ನಕ್ಷೆಯನ್ನೇ ಮಾಡಿಕೊಟ್ಟ. ಪುಡಿಯ ತೂಕದ 18ರಿಂದ 22 ಶೇಕಡಾದಷ್ಟು ಸಾರ ನೀರಿಗೆ ಇಳಿದರೆ ರುಚಿ ಹದವಾಗಿರುತ್ತದೆ ಎಂಬ ಲೆಕ್ಕ ಇಂದಿಗೂ ಬಳಕೆಯಲ್ಲಿದೆ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಕಾಫಿ ‘ಗಟ್ಟಿ’ ಇರುವುದು ಬೇರೆ, ಪುಡಿಯಿಂದ ಸಾರ ಪೂರ್ತಿ ಇಳಿದಿರುವುದು ಬೇರೆ. ಗಟ್ಟಿ ಅಂದರೆ ಲೋಟದ ನೀರಿನಲ್ಲಿ ಎಷ್ಟು ಕಾಫಿ ಕರಗಿದೆ ಅನ್ನುವುದು. ಸಾರ ಇಳಿಯುವುದು ಅಂದರೆ ಪ್ರತಿ ಕಣ ತನ್ನಲ್ಲಿದ್ದದ್ದರಲ್ಲಿ ಎಷ್ಟು ಬಿಟ್ಟುಕೊಟ್ಟಿದೆ ಅನ್ನುವುದು. ಪುಡಿ ಹೆಚ್ಚಾಗಿ ಸುರಿದು ಒಂದೇ ನಿಮಿಷಕ್ಕೆ ಸೋಸಿದರೆ ಗಟ್ಟಿಯೂ ಇರುತ್ತದೆ, ಹುಳಿಯೂ ಇರುತ್ತದೆ. ಒಂದು ಚಮಚ ಪುಡಿಗೆ ಅರ್ಧ ಲೀಟರ್ ನೀರು ಹಾಕಿ ಹತ್ತು ನಿಮಿಷ ಇಟ್ಟರೆ ನೀರು ನೀರಾಗಿಯೂ ಇರುತ್ತದೆ, ಕಹಿಯೂ ಇರುತ್ತದೆ. ಕಾಫಿ ಕಹಿ ಆಯಿತೆಂದು ಮಾರನೆಯ ದಿನ ಪುಡಿ ಕಡಿಮೆ ಮಾಡುವವರನ್ನು ನೋಡಿದ್ದೇನೆ, ನಾನೂ ಮಾಡಿದ್ದೇನೆ. ಪುಡಿ ಕಡಿಮೆಯಾದಷ್ಟೂ ಒಂದೊಂದು ಕಣದ ಪಾಲಿಗೆ ಬರುವ ನೀರು ಜಾಸ್ತಿ, ಅದು ಇನ್ನಷ್ಟು ಸಾರ ಬಿಡುತ್ತದೆ. ಕಹಿ ಹೋಗುವುದಿಲ್ಲ, ಕಾಫಿ ತೆಳ್ಳಗಾಗುತ್ತದೆ ಅಷ್ಟೆ.

ಫ್ರೆಂಚ್ ಪ್ರೆಸ್ ಕೆಲಸ ಮಾಡುವ ಬಗೆಯೂ ಇಲ್ಲೇ ಅರ್ಥವಾಗುತ್ತದೆ. ಕಾಗದದ ಫಿಲ್ಟರಿನಲ್ಲಿ ಮೇಲಿಂದ ಹೊಸ ನೀರು ಬೀಳುತ್ತಲೇ ಇರುತ್ತದೆ, ಪುಡಿಯನ್ನು ತೊಳೆಯುತ್ತಲೇ ಇರುತ್ತದೆ. ಪ್ರೆಸ್‌ನಲ್ಲಿ ಹಾಕಿದ ನೀರು ಹಾಕಿದ ಹಾಗೇ ಪುಡಿಯ ಜೊತೆ ನೆನೆಯುತ್ತದೆ. ಮೊದಲ ನಿಮಿಷದಲ್ಲಿ ನೀರು ಬರಿದು, ಕಣ ತುಂಬಿದೆ, ಹಾಗಾಗಿ ಸಾರ ನುಗ್ಗಿ ಬರುತ್ತದೆ. ನೀರು ಸಾರದಿಂದ ತುಂಬಿಕೊಂಡಂತೆ ಆ ನುಗ್ಗಾಟ ಇಳಿಯುತ್ತದೆ. ಜೊತೆಗೆ ನೀರೂ ಆರುತ್ತಿರುತ್ತದೆ. ನಾಲ್ಕನೇ ನಿಮಿಷದ ಹೊತ್ತಿಗೆ ಹೆಚ್ಚುಕಮ್ಮಿ ಎಲ್ಲ ಇಳಿದಾಗಿರುತ್ತದೆ, ಆಮೇಲೆ ಇಳಿಯುವುದು ತೊಟ್ಟು ತೊಟ್ಟಾಗಿ. ಅದಕ್ಕೇ ಈ ಪಾತ್ರೆ ತಪ್ಪುಗಳನ್ನು ಕ್ಷಮಿಸುತ್ತದೆ. ಫೋನು ಬಂದು ನಾಲ್ಕು ನಿಮಿಷ ಆರಾದರೆ ಕಾಫಿ ಕೆಡುವುದಿಲ್ಲ. ‘ನಾಲ್ಕು ನಿಮಿಷ ಒಂದು ಸೆಕೆಂಡ್ ದಾಟಬಾರದು’ ಅನ್ನುವ ಶಾಸ್ತ್ರವನ್ನು ನಾನು ಎಂದೋ ಬಿಟ್ಟೆ.

ಪುಡಿ, ಅಲ್ಲ, ತರಿ

ಒಂದು ಸೆಂಟಿಮೀಟರಿನ ಘನವೊಂದನ್ನು ಊಹಿಸಿಕೊಳ್ಳಿ. ಆರು ಮುಖ, ಒಟ್ಟು 6 ಚದರ ಸೆಂಟಿಮೀಟರ್ ಮೈ. ಅದನ್ನು ಎಲ್ಲ ದಿಕ್ಕಿನಲ್ಲೂ ನಡುವೆ ಕತ್ತರಿಸಿ ಎಂಟು ಚಿಕ್ಕ ಘನ ಮಾಡಿದರೆ ಅಷ್ಟೇ ವಸ್ತುವಿಗೆ 12 ಚದರ ಸೆಂಟಿಮೀಟರ್ ಮೈ. ಕಾಫಿ ಬೀಸುವುದು ಅಂದರೆ ಇದೇ. ಸಣ್ಣದಾದಷ್ಟೂ ನೀರು ತಾಗುವ ಮೈ ಹೆಚ್ಚು, ಸಾರ ಬೇಗ ಇಳಿಯುತ್ತದೆ. ಹಾಗಾದರೆ ನುಣ್ಣಗೇ ಬೀಸಬಹುದಲ್ಲ? ಬೀಸಬಹುದು, ಆದರೆ ಲೋಹದ ಜಾಲರಿಯ ಕಣ್ಣಿಗಿಂತ ಸಣ್ಣದಾದ ಕಣ ನೇರವಾಗಿ ನಿಮ್ಮ ಲೋಟಕ್ಕೆ ಬರುತ್ತದೆ. ಇನ್ನು ಜಾಲರಿಯ ಕಣ್ಣನ್ನೇ ಮುಚ್ಚಿಬಿಟ್ಟರೆ ಏನಾಗುತ್ತದೆ ಅಂತ ಮೊದಲೇ ಹೇಳಿದೆ, ಗೋಡೆಯ ಮೇಲೆ ಚಿತ್ತಾರ.

ಹಾಗಾಗಿ ಕಲ್ಲುಪ್ಪಿನಷ್ಟು ತರಿ ಇರಲಿ ಅನ್ನುವುದು ರೂಢಿಯ ಸಲಹೆ. ನನ್ನ ಅಭಿಪ್ರಾಯದಲ್ಲಿ ಅದು ಸ್ವಲ್ಪ ಹೆಚ್ಚೇ ದಪ್ಪವಾಯಿತು. ಅಷ್ಟು ದಪ್ಪದ ತರಿ ನಾಲ್ಕು ನಿಮಿಷದಲ್ಲಿ ಒಳಗಿನವರೆಗೂ ನೆನೆಯುವುದಿಲ್ಲ, ಕಾಫಿ ಟೊಳ್ಳು ಟೊಳ್ಳಾಗಿ ಬರುತ್ತದೆ. ಕಲ್ಲುಪ್ಪಿಗೂ ದಪ್ಪ ಮರಳಿಗೂ ನಡುವೆ, ಬೆರಳಲ್ಲಿ ಉಜ್ಜಿದರೆ ಒರಟೊರಟಾಗಿ ಸಿಗಬೇಕು, ಬೆರಳಿಗೆ ಹಿಟ್ಟಿನಂತೆ ಮೆತ್ತಬಾರದು.

ಗಾತ್ರಕ್ಕಿಂತ ದೊಡ್ಡ ಪ್ರಶ್ನೆ ಒಂದೇ ಸಮ ಇರುವುದು. ಬ್ಲೇಡ್ ತಿರುಗುವ ಗ್ರೈಂಡರು ಬೀಜವನ್ನು ಬೀಸುವುದಿಲ್ಲ, ಚಚ್ಚುತ್ತದೆ. ಅದನ್ನು ತೆರೆದು ನೋಡಿ. ತಳದಲ್ಲಿ ಧೂಳು, ಮೇಲೆ ಅರ್ಧಂಬರ್ಧ ಬೀಜದ ಚೂರು. ಧೂಳು ಅತಿಯಾಗಿ ಸಾರ ಬಿಟ್ಟು ಕಹಿ ಕೊಡುತ್ತದೆ, ಚೂರು ಸರಿಯಾಗಿ ಬಿಡದೆ ಹುಳಿ ಕೊಡುತ್ತದೆ. ಎರಡೂ ಒಂದೇ ಲೋಟದಲ್ಲಿ. ಅರೆಯುವ ಎರಡು ಹಲ್ಲುಚಕ್ರಗಳ ನಡುವೆ ಬೀಜ ಹಾಯಿಸುವ ಬರ್ ಗ್ರೈಂಡರು ಈ ತಾಪತ್ರಯ ಬಹಳ ಮಟ್ಟಿಗೆ ತಪ್ಪಿಸುತ್ತದೆ. ಕೈಯಲ್ಲಿ ತಿರುಗಿಸುವುದೂ ಸಾಕು. ಹಣ ಖರ್ಚು ಮಾಡುವುದೇ ಆದರೆ ಚಂದದ ಜಾಡಿಗೆ ಬೇಡ, ಇದಕ್ಕೆ ಮಾಡಿ. ಬ್ಲೇಡಿನದೇ ಇದ್ದರೆ ಒಂದೇ ಸಮನೆ ಓಡಿಸದೆ ಎರಡೆರಡು ಸೆಕೆಂಡ್ ಬಿಟ್ಟು ಬಿಟ್ಟು ಓಡಿಸಿ, ನಡುನಡುವೆ ಅಲುಗಾಡಿಸಿ, ಕೊನೆಗೆ ಒಂದು ಸಣ್ಣ ಜರಡಿಯಲ್ಲಿ ಧೂಳು ಜಾಡಿಸಿಬಿಡಿ.

ಬೀಸುವುದು ನೀರು ಕಾಯುವ ಹೊತ್ತಿನಲ್ಲೇ ಆಗಲಿ. ಬೀಸಿದ ಕೂಡಲೇ ಅಡುಗೆಮನೆ ಘಮ್ಮೆನ್ನುತ್ತದಲ್ಲ, ಆ ಘಮ ಲೋಟಕ್ಕೆ ಬರಬೇಕಾದದ್ದು, ಗಾಳಿಗೆ ಹೋಗುತ್ತಿದೆ. ಹೆಚ್ಚಾದ ಮೈ ನೀರಿಗೆ ಸಿಕ್ಕಷ್ಟೇ ಸುಲಭವಾಗಿ ಗಾಳಿಗೂ ಸಿಗುತ್ತದೆ.

ಅಳತೆ ಮತ್ತು ನೀರು

30 ಗ್ರಾಂ ಪುಡಿಗೆ 500 ಮಿಲಿ ಲೀಟರ್ ನೀರು, ಅಂದರೆ ಲೀಟರಿಗೆ 60 ಗ್ರಾಂ. ಇಲ್ಲಿಂದ ಶುರು ಮಾಡಿ. ಹಾಲು ಬೆರೆಸಿ ಕುಡಿಯುವವರು ಅದೇ ನೀರಿಗೆ 40 ಗ್ರಾಂವರೆಗೂ ಹೋಗಬಹುದು, ಇಲ್ಲದಿದ್ದರೆ ಹಾಲಿನ ಮುಂದೆ ಕಾಫಿಯ ಸದ್ದೇ ಇರುವುದಿಲ್ಲ. 500 ಹಾಕಿದ್ದಕ್ಕೆ 500 ಸಿಗಲಿಲ್ಲ ಅಂತ ಗಾಬರಿ ಬೇಡ. ಚರಟ ತನ್ನ ತೂಕದ ಸುಮಾರು ಎರಡು ಪಟ್ಟು ನೀರು ಹೀರಿಕೊಂಡು ಕೂರುತ್ತದೆ.

ಚಮಚದ ಲೆಕ್ಕ ನಂಬಬೇಡಿ. ಬೀಜ ಹೆಚ್ಚು ಹುರಿದಷ್ಟೂ ಉಬ್ಬಿ ಹಗುರವಾಗುತ್ತದೆ. ಡಾರ್ಕ್ ರೋಸ್ಟಿನ ಒಂದು ಚಮಚವೂ ಲೈಟ್ ರೋಸ್ಟಿನ ಒಂದು ಚಮಚವೂ ತೂಕದಲ್ಲಿ ಒಂದೇ ಅಲ್ಲ. ಅಡುಗೆಮನೆಯ ಸಣ್ಣ ತಕ್ಕಡಿ ಇದ್ದರೆ ಜಾಡಿಯನ್ನೇ ಅದರ ಮೇಲಿಟ್ಟು ಪುಡಿ, ನೀರು ಎರಡನ್ನೂ ತೂಗಿಬಿಡಬಹುದು.

ನೀರಿನ ಬಿಸಿ 92ರಿಂದ 96 ಡಿಗ್ರಿ ಸೆಲ್ಸಿಯಸ್ ಅನ್ನುವುದು ಎಲ್ಲ ಕಡೆ ಕೇಳಿಬರುವ ಮಾತು. ಥರ್ಮಾಮೀಟರ್ ಇಲ್ಲದವರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡುತ್ತಾರೆ. ಆದರೆ ತಣ್ಣನೆಯ ಗಾಜಿನ ಜಾಡಿಗೆ ಬಿದ್ದ ಕೂಡಲೇ ಆ ನೀರು ಇನ್ನೂ ಕೆಲವು ಡಿಗ್ರಿ ಇಳಿಯುತ್ತದೆ ಅನ್ನುವುದನ್ನು ಮರೆಯುತ್ತಾರೆ. ಮೊದಲು ಒಂದಿಷ್ಟು ಬಿಸಿನೀರು ಹಾಕಿ ಜಾಡಿ ಬೆಚ್ಚಗೆ ಮಾಡಿ ಚೆಲ್ಲುವುದು ಅದಕ್ಕೇ. ಲೈಟ್ ರೋಸ್ಟ್ ಬೀಜ ಗಟ್ಟಿ, ಸಾರ ಬಿಡುವುದರಲ್ಲಿ ಜಿಪುಣ. ಅದಕ್ಕೆ ಕುದಿನೀರನ್ನೇ ಹೊಯ್ಯಿರಿ, ಏನೂ ಸುಟ್ಟುಹೋಗುವುದಿಲ್ಲ. ಡಾರ್ಕ್ ರೋಸ್ಟಿಗೆ 90ರ ಆಸುಪಾಸು ಸಾಕು, ಇಲ್ಲದಿದ್ದರೆ ಮೊದಲೇ ಇರುವ ಕಹಿ ಮುನ್ನುಗ್ಗುತ್ತದೆ. ಎತ್ತರದ ಜಾಗದಲ್ಲಿರುವವರಿಗೆ ಈ ತಲೆನೋವೇ ಇಲ್ಲ. ಸಮುದ್ರಮಟ್ಟದಿಂದ 1500 ಮೀಟರ್ ಮೇಲೆ ನೀರು ಕುದಿಯುವುದೇ ಸುಮಾರು 95 ಡಿಗ್ರಿಗೆ.

ಲೋಟದಲ್ಲಿರುವುದು 98 ಶೇಕಡಾಕ್ಕೂ ಹೆಚ್ಚು ನೀರೇ. ಕುಡಿಯಲು ರುಚಿಯಿಲ್ಲದ ನೀರಿನಿಂದ ರುಚಿಯ ಕಾಫಿ ಬರುವುದಿಲ್ಲ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾರ ಇಳಿಸಲು ನೆರವಾಗುತ್ತವೆ, ಬೈಕಾರ್ಬನೇಟ್ ಹುಳಿಯನ್ನು ತಗ್ಗಿಸುತ್ತದೆ. ತೀರಾ ಗಡಸು ನೀರಿನ ಕಾಫಿ ಸೀಮೆಸುಣ್ಣದ ಹಾಗೆ ಮಂಕಾಗಿರುತ್ತದೆ. ಲವಣವನ್ನೆಲ್ಲ ತೆಗೆದುಹಾಕಿದ ಆರ್‌ಒ ನೀರಿನದು ಮೊನಚಾಗಿ, ಆದರೆ ಪೊಳ್ಳಾಗಿರುತ್ತದೆ. ಎರಡೂ ಸಿಗುವ ಮನೆಯಲ್ಲಿ ಅರ್ಧರ್ಧ ಬೆರೆಸಿ ನೋಡಿ. ಹೊಸ ಬೀಜ ಕೊಳ್ಳುವುದಕ್ಕಿಂತ ಅಗ್ಗದ ಪ್ರಯೋಗ.

ಹತ್ತು ನಿಮಿಷದ ಕಥೆ

ಜಾಡಿ ಬೆಚ್ಚಗಾಗಿದೆ, ತರಿ ತಳದಲ್ಲಿದೆ. ನೀರನ್ನು ಒಂದೇ ಸಲಕ್ಕೆ, ಎಲ್ಲ ತರಿ ಒದ್ದೆಯಾಗುವಂತೆ ಸುತ್ತಲೂ ಹೊಯ್ಯಿರಿ. ಬೀಜ ಹೊಸದಾಗಿ ಹುರಿದದ್ದಾದರೆ ನೋಡಲಿಕ್ಕೇ ಒಂದು ಸೊಗಸಿದೆ. ಹುರಿಯುವಾಗ ಬೀಜದೊಳಗೆ ಸಿಕ್ಕಿಕೊಂಡ ಇಂಗಾಲದ ಡೈಆಕ್ಸೈಡ್ ಬಿಸಿನೀರು ತಾಗಿದ ಕೂಡಲೇ ಹೊರಬರುತ್ತದೆ. ತರಿಯೆಲ್ಲ ಆ ಗುಳ್ಳೆಗಳನ್ನು ಹಿಡಿದು ಮೇಲೇರಿ ದಪ್ಪ ಕೆನೆಯ ಹಾಗೆ ಕಟ್ಟಿಕೊಳ್ಳುತ್ತದೆ. ಕಿವಿ ಹತ್ತಿರ ತಂದರೆ ಚಿಟಿಚಿಟಿ ಅನ್ನುವ ಸಣ್ಣ ಸದ್ದು. ಕೆನೆಯ ಕೆಳಗೆ ನೀರು ತಿಳಿ ಕಂದಿನಿಂದ ಗಾಢ ಕಂದಿಗೆ ಎಳೆ ಎಳೆಯಾಗಿ ತಿರುಗುವುದು ಗಾಜಿನಲ್ಲಿ ಕಾಣುತ್ತದೆ. ತಿಂಗಳುಗಟ್ಟಲೆ ಹಳೆಯದಾದ ಪುಡಿಯಲ್ಲಿ ಈ ಉಬ್ಬಾಟವೇ ಇರುವುದಿಲ್ಲ, ಸುಮ್ಮನೆ ನೆನೆದು ಮುಳುಗುತ್ತದೆ. ಅಂಗಡಿಯವರು ಬೀಜ ತಾಜಾ ಅಂದರೆ ನಂಬಬೇಕೋ ಬೇಡವೋ ಅನ್ನುವುದಕ್ಕೆ ನನಗೆ ಇದೇ ಪರೀಕ್ಷೆ.

ನಾಲ್ಕು ನಿಮಿಷ ಮುಟ್ಟಬೇಡಿ. ಆಮೇಲೆ ಒಂದು ಚಮಚದಿಂದ ಮೇಲಿನ ಕೆನೆಯನ್ನು ಎರಡು ಮೂರು ಸಲ ಮೆಲ್ಲಗೆ ಕದಡಿ. ಅನಿಲ ಬಿಟ್ಟು ಭಾರವಾದ ತರಿ ನಿಧಾನಕ್ಕೆ ತಳಕ್ಕೆ ಇಳಿಯುತ್ತದೆ. ಮೇಲೆ ತಿಳಿ ನೊರೆ, ತೇಲುವ ಕೆಲವು ಚೂರು ಉಳಿಯುತ್ತವೆ. ಎರಡು ಚಮಚ ಹಿಡಿದು ಅದನ್ನು ತೆಗೆದುಬಿಡಿ. ನೊರೆಯ ರುಚಿ ನೋಡಿ ಒಮ್ಮೆ, ಶುದ್ಧ ಕಹಿ.

ಈಗ ಇನ್ನೂ ಐದಾರು ನಿಮಿಷ ಕಾಯಬೇಕು. ಇದನ್ನು ಹೇಳಿದಾಗಲೆಲ್ಲ ಕೇಳುವವರ ಮುಖ ಗಂಟಾಗುತ್ತದೆ. ಆರಿಹೋಗುವುದಿಲ್ಲವಾ? ಸ್ವಲ್ಪ ಆರುತ್ತದೆ, ಆದರೆ ನಾಲಿಗೆ ಸುಡುವ ಕಾಫಿಯಲ್ಲಿ ರುಚಿ ಹೇಗಿದ್ದರೂ ಗೊತ್ತಾಗುವುದಿಲ್ಲ. ಕಹಿಯಾಗುವುದಿಲ್ಲವಾ? ನೆನೆಯುವ ಲೆಕ್ಕ ಆಗಲೇ ನೋಡಿದೆವು, ಇಳಿಯಬೇಕಾದದ್ದು ಬಹುಪಾಲು ಇಳಿದಾಗಿದೆ. ಈ ಐದು ನಿಮಿಷ ಇರುವುದು ಧೂಳು ತಳಕ್ಕೆ ಕೂರಲಿ ಅಂತ. ಕೆಸರು ನೀರನ್ನು ಕೊಡದಲ್ಲಿ ಸುಮ್ಮನೆ ಬಿಟ್ಟರೆ ತಿಳಿಯಾಗುವುದಿಲ್ಲವೇ, ಹಾಗೆ. ಕಾಫಿ ವ್ಯಾಪಾರಿಗಳು ಬೀಜದ ಗುಣ ಪರೀಕ್ಷಿಸುವ ಕಪ್ಪಿಂಗ್‌ನಲ್ಲೂ ಹೀಗೇ ಮಾಡುತ್ತಾರೆ. ಪುಡಿಗೆ ನೀರು ಹಾಕಿ, ಕೆನೆ ಒಡೆದು, ನೊರೆ ತೆಗೆದು, ಕಾದು, ಮೇಲಿನಿಂದ ಚಮಚದಲ್ಲಿ ಹೀರುತ್ತಾರೆ. ಯಾವ ಜಾಲರಿಯೂ ಇಲ್ಲ. ಅದೇ ಕ್ರಮವನ್ನು ಪ್ರೆಸ್‌ಗೆ ತಂದು ಜನಪ್ರಿಯ ಮಾಡಿದವರು 2007ರ ವಿಶ್ವ ಬರಿಸ್ತಾ (ಕಾಫಿ ತಯಾರಕರ) ಚಾಂಪಿಯನ್ ಜೇಮ್ಸ್ ಹಾಫ್‌ಮನ್.

ಕೊನೆಗೆ ಸರಳನ್ನು ಇಳಿಸಿ, ಆದರೆ ಜಾಲರಿ ಕಾಫಿಯ ಮೇಲ್ಮೈಗೆ ತಾಗುವಷ್ಟೇ. ತಳದವರೆಗೆ ಒತ್ತಿದರೆ ಜಾಲರಿಯ ಕೆಳಗಿನ ದ್ರವ ರಭಸದಿಂದ ಮೇಲೆ ನುಗ್ಗುತ್ತದೆ, ಇಷ್ಟು ಹೊತ್ತು ಕಾದು ಕೂರಿಸಿದ ಗಸಿಯೆಲ್ಲ ಎದ್ದು ಅದರ ಜೊತೆ ಬರುತ್ತದೆ. ಜಾಲರಿ ಇಲ್ಲಿ ಬರೀ ಒಂದು ಸೋಸಣಿಗೆ. ಮೆಲ್ಲಗೆ, ಒಂದೇ ಧಾರೆಯಲ್ಲಿ ಬಗ್ಗಿಸಿ. ತಳದ ಎರಡು ಬೆರಳಷ್ಟು ಜಾಡಿಯಲ್ಲೇ ಇರಲಿ. ಅದನ್ನೂ ಸುರಿದುಕೊಳ್ಳುವ ಆಸೆ ಬರುತ್ತದೆ, ಬಂದರೆ ಲೋಟದ ಕೊನೆಯ ಗುಟುಕು ಪಶ್ಚಾತ್ತಾಪದ್ದು.

ಇಷ್ಟೆಲ್ಲ ಬೇಡ, ಒತ್ತಿಯೇ ಕುಡಿಯುತ್ತೇನೆ ಅನ್ನುವವರೂ ಇದ್ದಾರೆ, ತಪ್ಪಿಲ್ಲ. ಹಾಗಾದರೆ ಅರ್ಧ ನಿಮಿಷ ತೆಗೆದುಕೊಂಡು, ಕೈಯ ಭಾರವಷ್ಟೇ ಬಿಟ್ಟು ಇಳಿಸಿ. ಆ ಒತ್ತಡ ತರಿಯ ಬಗ್ಗೆಯೂ ಹೇಳುತ್ತದೆ. ಸರಳು ಸರ್ರನೆ ಜಾರಿದರೆ ತರಿ ದಪ್ಪವಾಯಿತು, ಸಿಕ್ಕಿಕೊಂಡರೆ ನುಣ್ಣಗಾಯಿತು. ಸಿಕ್ಕಿಕೊಂಡಾಗ ಬಲ ಹಾಕಬೇಡಿ, ಒಂದಿಷ್ಟು ಮೇಲೆತ್ತಿ ಮತ್ತೆ ಇಳಿಸಿ. ನನ್ನ ಮುಂಗೈಯ ಕಲೆ ಈಗ ಮಾಸಿದೆ, ನಿಮ್ಮದಕ್ಕೆ ಆ ಗತಿ ಬರುವುದು ಬೇಡ. ಒತ್ತಿದ ಮೇಲೆ ಕಾಫಿಯನ್ನು ಚರಟದ ಮೇಲೇ ಬಿಟ್ಟಿರದೆ ಪೂರ್ತಿ ಬೇರೆ ಪಾತ್ರೆಗೆ ತೆಗೆದಿಡಿ.

ರುಚಿ ಕೈಕೊಟ್ಟಾಗ

ಬಾಯಿಯ ಬದಿಗಳಲ್ಲಿ ಚುಳ್ಳೆನ್ನುವ ಹುಳಿ, ಕಾಯಿ ಕಚ್ಚಿದ ಹಾಗಿದ್ದರೆ ಸಾರ ಸಾಲದು. ತರಿಯನ್ನು ಒಂದು ಹಂತ ಸಣ್ಣದು ಮಾಡಿ, ಅಥವಾ ನೀರು ಇನ್ನೂ ಬಿಸಿ ಇರಲಿ. ನಾಲಿಗೆ ಒಣಗಿದಂತೆ ಒಗರು ಹಿಡಿದರೆ ಅತಿಯಾಗಿದೆ, ಮೊದಲು ಧೂಳಿನ ಮೇಲೆ ಅನುಮಾನ ಪಡಿ, ಆಮೇಲೆ ತರಿ ದಪ್ಪ ಮಾಡಿ. ರುಚಿ ಸರಿಯಿದೆ ಆದರೆ ನೀರು ನೀರು ಅನ್ನಿಸಿದರೆ ಮಾತ್ರ ಪುಡಿ ಹೆಚ್ಚಿಸಿ. ಒಂದು ದಿನಕ್ಕೆ ಒಂದನ್ನೇ ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಿಸಿ ಕಾಫಿ ಚೆನ್ನಾಗಿ ಬಂದರೆ ಯಾವುದರಿಂದ ಬಂತೆಂದು ಹುಡುಕುತ್ತ ಕೂರಬೇಕಾಗುತ್ತದೆ.

ಪ್ರೆಸ್ ಕಾಫಿಯ ಮೈ ದಪ್ಪಗೆ, ನುಣುಪಾಗಿ ಇರುವುದಕ್ಕೆ ಕಾರಣ ಬೀಜದ ಎಣ್ಣೆ. ಕಾಗದ ಅದನ್ನು ಹಿಡಿದುಕೊಳ್ಳುತ್ತದೆ, ಲೋಹದ ಜಾಲರಿ ಬಿಟ್ಟುಬಿಡುತ್ತದೆ. ಆ ಎಣ್ಣೆಯ ಜೊತೆ ಕೆಫೆಸ್ಟಾಲ್ ಎಂಬ ಪದಾರ್ಥವೂ ಬರುತ್ತದೆ, ಅದು ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಎನ್ನುವ ಎಲ್‌ಡಿಎಲ್ ಅನ್ನು ಏರಿಸುತ್ತದೆ. ಆಗೊಮ್ಮೆ ಈಗೊಮ್ಮೆ ಕುಡಿಯುವವರು ತಲೆ ಕೆಡಿಸಿಕೊಳ್ಳಬೇಕಿಲ್ಲ. ದಿನಕ್ಕೆ ನಾಲ್ಕೈದು ಲೋಟ ಇಳಿಸುವವರು, ಅದರಲ್ಲೂ ಕೊಲೆಸ್ಟ್ರಾಲ್ ಬಗ್ಗೆ ವೈದ್ಯರಿಂದ ಮಾತು ಕೇಳಿಸಿಕೊಂಡವರು, ಕೊನೆಯಲ್ಲಿ ಒಂದು ಕಾಗದದ ಫಿಲ್ಟರಿನ ಮೂಲಕ ಹಾಯಿಸಿಕೊಳ್ಳುವುದು ವಾಸಿ. ಮೈ ತೆಳ್ಳಗಾಗುತ್ತದೆ, ಅದಕ್ಕೆ ಉಪಾಯವಿಲ್ಲ.

ಅದೇ ಎಣ್ಣೆ ಜಾಲರಿಯಲ್ಲೂ ಉಳಿಯುತ್ತದೆ. ನಲ್ಲಿಯ ಕೆಳಗೆ ಹಿಡಿದು ತೊಳೆದೆ ಅಂದರೆ ತೊಳೆದಂತಾಗಲಿಲ್ಲ. ಕೆಲವು ದಿನದಲ್ಲಿ ಎಣ್ಣೆ ಕಮಟು ವಾಸನೆ ಹಿಡಿದು ಎಷ್ಟು ಒಳ್ಳೆಯ ಬೀಜ ತಂದರೂ ಹಳಸಲು ರುಚಿ ಬೆರೆಸುತ್ತದೆ. ಚರಟವನ್ನು ಸಿಂಕಿಗೆ ಸುರಿಯಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಸ್ವಲ್ಪ ನೀರು ಹಾಕಿ ಕುಲುಕಿ ಜರಡಿಗೆ ಬಗ್ಗಿಸಿದರೆ ಒಟ್ಟಿಗೆ ಬರುತ್ತದೆ. ವಾರಕ್ಕೊಮ್ಮೆಯಾದರೂ ಸರಳಿನ ತುದಿ ತಿರುಗಿಸಿ ತಟ್ಟೆ, ಜಾಲರಿ, ಅಂಚಿನ ಸುರುಳಿ ಮೂರನ್ನೂ ಬಿಡಿಸಿ ಸೋಪುನೀರಿನಲ್ಲಿ ಉಜ್ಜಿ. ಮತ್ತೆ ಜೋಡಿಸುವ ಮುಂಚೆ ಜಾಲರಿಯನ್ನು ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿ. ಅಂಚಿನ ತಂತಿ ಎಲ್ಲಾದರೂ ಬಿಚ್ಚಿಕೊಂಡು ಮಡಚಿದ್ದರೆ ಗಸಿ ಬರುತ್ತಿರುವ ದಾರಿ ಅದೇ. ಜಾಲರಿ ಬಿಡಿಯಾಗಿ ಸಿಗುತ್ತದೆ, ಕೊಳ್ಳುವಾಗ ಜಾಡಿಯ ಬಾಯಿಯ ಅಳತೆ ತೆಗೆದುಕೊಂಡು ಹೋಗಿ.